ಇಪ್ಪತ್ತನೆಯ ಅಕ್ಷರ

ಮಾರಿತ್ ಕೋಟು ಕೂಡ ಬಿಚ್ಚದೆ ಲೈದಾಳ ಮೇಜಿನ ಮುಂದೆ ನಿಂತಳು. ಆಲೂಗಡ್ಡೆಯ ವೈರಸ್ ಹಿಡಿಯುವ ಅವಳ ಪಿಸಿಆರ್ ಪರೀಕ್ಷೆಗಳು ನಾಲ್ಕು ತಿಂಗಳಿಂದ ಕೈಕೊಡುತ್ತಿದ್ದವು. ಇನ್ನೊಂದು ಕೆಟ್ಟರೆ ತಾರ್ತು ನಗರದ ಆ ಪ್ರಯೋಗಾಲಯದಲ್ಲಿ ಅವಳಿಗೆ ಜಾಗವಿಲ್ಲವೆಂದು ನಿರ್ದೇಶಕರು ಹೇಳಿದ್ದರು.

"ನನ್ನ ಕೈಯೇ ಸರಿಯಿಲ್ಲ ಅಂತಾರೆ. ನನಗೂ ಹಾಗೇ ಅನ್ನಿಸೋಕೆ ಶುರುವಾಗಿದೆ."

ಲೈದಾ ನಿವೃತ್ತಳಾದರೂ ದಿನಾ ಬರುತ್ತಿದ್ದಳು. ಅಲ್ಲಿ ಏನು ಕಳೆದರೂ ಕೆಟ್ಟರೂ ಪತ್ತೆಹಚ್ಚುವವಳು ಅವಳೇ. ಹನ್ನೊಂದು ವರ್ಷ ಅವಳ ಜೊತೆ ದುಡಿದಿದ್ದ ವಿರ್ವೆ, ಮಾರಿತ್‌ಳ ಪರೀಕ್ಷೆಗಳ ಹಳೆಯ ಚೀಟಿಗಳನ್ನೆಲ್ಲ ತಂದುಕೊಟ್ಟಳು.

ಪಿಸಿಆರ್‌ನಲ್ಲಿ ವೈರಸ್ಸಿನ ಡಿಎನ್‌ಎ ಪ್ರತಿ ಎಲ್ಲಿಂದ ಶುರುವಾಗಬೇಕೆಂದು ತೋರಿಸುವುದು ಪ್ರೈಮರ್ ಎಂಬ ಇಪ್ಪತ್ತಕ್ಷರದ ತುಣುಕು. ಆ ಅಕ್ಷರಗಳನ್ನು ಆರಿಸುವ ತಂತ್ರಾಂಶವನ್ನು ಬರೆದವನು ಮೇಲಿನ ಮಹಡಿಯ ಹೆಲ್ದೂರ್. ಅವನ ಕಂಪ್ಯೂಟರಿನಿಂದಲೇ ಪ್ರೈಮರ್‌ನ ಬೇಡಿಕೆ ನೇರವಾಗಿ ತಯಾರಕರಿಗೆ ಹೋಗುತ್ತಿತ್ತು. ಅಕ್ಷರಗಳೂ ಆ ತುಣುಕು ಡಿಎನ್‌ಎಯಿಂದ ಬಿಡಿಸಿಕೊಳ್ಳುವ ಉಷ್ಣಾಂಶವೂ ಇದ್ದ ಚೀಟಿ ಮಾರಿತ್‌ಗೆ ಬರುತ್ತಿತ್ತು. ಕೆಟ್ಟ ಪ್ರೈಮರ್‌ಗಳು ಒಂಬತ್ತು. ಪ್ರತಿ ಸಲವೂ ಅವಳು ಮೇಲೆ ಹೋಗಿ ಹೇಳಿದ ಮೇಲೆ ಅವನು ಕೊಟ್ಟ ಎರಡನೆಯದು ಸರಿಯಾಗಿ ಕೆಲಸ ಮಾಡಿತ್ತು. ಲೈದಾ ಪೆನ್ಸಿಲ್ ಹಿಡಿದು ಅಕ್ಷರಗಳನ್ನು ಎಣಿಸುತ್ತ ಕೂತಳು.

ಮರುದಿನ ಮಧ್ಯಾಹ್ನ ಎಲ್ಲರನ್ನೂ ಕಾಫಿ ಕೋಣೆಗೆ ಕರೆದಳು.

"ಹೆಲ್ದೂರನ ಲೆಕ್ಕ ಸುಲಭ," ಎಂದಳು. "ಜಿ, ಸಿ ಅಕ್ಷರಕ್ಕೆ ತಲಾ ನಾಲ್ಕು ಡಿಗ್ರಿ. ಎ, ಟಿಗೆ ಎರಡು. ಚೀಟಿಯಲ್ಲಿ ಅರವತ್ತು ಅಂತಿದೆ. ಅಕ್ಷರ ಕೂಡಿದರೆ ಐವತ್ತೆಂಟೇ. ಒಂಬತ್ತರಲ್ಲೂ ಹೀಗೇ. ತಂತ್ರಾಂಶ ಲೆಕ್ಕ ಮುಗಿಸಿದ ಮೇಲೆ ಯಾರೋ ಒಂದಕ್ಷರ ತಿದ್ದಿದ್ದಾರೆ. ಎರಡನೇ ಚೀಟಿ ಪಕ್ಕದಲ್ಲಿಟ್ಟು ನೋಡಿದೆ, ತಿದ್ದಿದ್ದು ಕೊನೆಯದನ್ನೇ. ಅದು ಡಿಎನ್‌ಎ ಮೇಲೆ ಸರಿಯಾಗಿ ಕೂರದಿದ್ದರೆ ಪ್ರತಿ ಶುರುವಾಗಲ್ಲ. ಬೇಡಿಕೆ ಹೋಗೋದಕ್ಕೆ ಮುಂಚೆ ಅದನ್ನ ಮುಟ್ಟೋಕೆ ಆಗ್ತಿದ್ದದ್ದು ಒಬ್ಬರಿಗೇ."

ಹೆಲ್ದೂರ್ ಅಲ್ಲಗಳೆಯಲಿಲ್ಲ.

"ಎಲ್ಲ ಸರಿ ಇದ್ದರೆ ಯಾರೂ ಮೇಲೆ ಬರಲ್ಲ," ಎಂದ. "ಕೆಟ್ಟಾಗ ಮಾರಿತ್ ಬರ್ತಿದ್ದಳು. ಅರ್ಧ ಗಂಟೆ ಕೂರ್ತಿದ್ದಳು."

"ಆ ಅರ್ಧ ಗಂಟೆಯಲ್ಲಿ ನಾನು ಅತ್ತಿದ್ದೂ ಇದೆ," ಎಂದಳು ಮಾರಿತ್. "ನೀವು ನೋಡ್ತಾ ಕೂತಿದ್ರಿ."

ನಿರ್ದೇಶಕರು ಅವಳ ಕ್ಷಮೆ ಕೇಳಿದರು. ಅವಳ ಜಾಗ ಉಳಿಯಿತು. ಹೆಲ್ದೂರನಿಗೆ ಅಂದೇ ಕೋಣೆ ಖಾಲಿಮಾಡಲು ಹೇಳಲಾಯಿತು.

ಆ ಕೋಣೆಯ ಬೀಗದ ಕೈ ತರಲು ಹೋದವಳು ವಿರ್ವೆ. ಇಷ್ಟು ವರ್ಷಗಳಲ್ಲಿ ಆ ಮಹಡಿಗೆ ತಾನು ಎಷ್ಟು ಸಲ ಬಂದಿದ್ದೇನೆಂದು ಎಣಿಸಲು ಅವಳಿಗೆ ಎರಡು ಬೆರಳು ಸಾಕಾಗಿತ್ತು. ಹೆಲ್ದೂರ್ ಬೀಗದ ಕೈ ಕೊಟ್ಟ. ಆಮೇಲೆ, ತಂತ್ರಾಂಶವನ್ನು ಮುಂದೆ ನೋಡಿಕೊಳ್ಳುವವರು ಎಲ್ಲಿ ಎಚ್ಚರವಾಗಿರಬೇಕೆಂದು ಹೇಳತೊಡಗಿದ. ಅವಳಿಗೆ ಅರ್ಧವೂ ತಿಳಿಯಲಿಲ್ಲ. ಆದರೂ ಕುರ್ಚಿ ಎಳೆದುಕೊಂಡು ಕೂತಳು. ಅವನ ಮಾತು ಮುಗಿಯುವವರೆಗೂ ಏಳಲಿಲ್ಲ.