ಸೇತುವೆಯ ಸುಂಕ

"ಅದನ್ನ ಮುಟ್ಬೇಡಿ ಅಳಿಯಂದ್ರೇ. ಅದು ಸತ್ತೋರ ಸುಂಕ."

ಹೆಂಡತಿ ಸೊರೀನಾಳ ಸೋದರತ್ತೆ ವೇಟಾ ಇಷ್ಟು ಹೇಳುವಷ್ಟರಲ್ಲಿ ತಿಬೇರಿಯು ಬಗ್ಗಿ, ಮರದ ಸೇತುವೆಯ ಮೇಲಿದ್ದ ಐವತ್ತು ಬಾನಿಯ ಹಳದಿ ನಾಣ್ಯವನ್ನು ಎತ್ತಿಕೊಂಡಾಗಿತ್ತು. ಆಗಷ್ಟೇ ಅವನ ಮಾವ ಪಂತೇಲಿಮೋನರನ್ನು ಈ ದಾರಿಯಲ್ಲೇ ಹೊತ್ತೊಯ್ದು ಮಣ್ಣು ಮಾಡಿ ಬಂದಿದ್ದರು. ವಲೇನಿ ಹಳ್ಳಿಯಲ್ಲಿ ಹೆಣ ದಾಟುವ ಪ್ರತಿ ಸೇತುವೆಗೂ ಒಂದು ನಾಣ್ಯ ಹಾಕಬೇಕು. ಇಲ್ಲದಿದ್ದರೆ ಸತ್ತವನು ದಾಟಲಾರದೆ ಅಲ್ಲೇ ನಿಂತುಬಿಡುತ್ತಾನೆ.

"ಮಾವನೋರು ಬದುಕಿದ್ದಾಗ್ಲೇ ಯಾರಿಗೂ ಸುಂಕ ಕಟ್ಟಿದೋರಲ್ಲ," ಎಂದು ತಿಬೇರಿಯು ನಕ್ಕ. "ಸೂಪರ್‌ಮಾರ್ಕೆಟ್ಟಲ್ಲಿ ನಾಣ್ಯ ತೂರಿಸಿದ್ರೇ ತಳ್ಳುಗಾಡಿಯ ಬೀಗ ಬಿಡೋದು, ನಂಗೆ ಚಿಲ್ಲರೆ ಬೇಕು."

ಬುಕಾರೆಸ್ಟಿನವನು, ಮಹಾ ಬುದ್ಧಿವಂತ ಬೇರೆ! ನಾಣ್ಯ ಜೇಬಿಗಿಳಿಯಿತು.

ಮನೆಯಲ್ಲಿ ತಿಥಿಯೂಟಕ್ಕೆ ಕೂತಿದ್ದರು. ಬೇಯಿಸಿದ ಗೋಧಿ, ಪ್ಲಮ್ ಸಾರಾಯಿ, ಧೂಪ ಎಲ್ಲದರ ವಾಸನೆ ಕಲಸಿಹೋಗಿತ್ತು. ಹಗಲಲ್ಲೇ ಕಿಟಕಿಯಾಚೆ ಮಂಜು ಕವಿಯಿತು. ಆಮೇಲೆ ಸೇತುವೆಯ ಕಡೆಯಿಂದ ಕೆಮ್ಮು ಕೇಳಿಸಿತು. ಕಫ ಕಟ್ಟಿದ, ಎದೆ ಕೀಳುವ ಕೆಮ್ಮು.

ಸೊರೀನಾಳ ಕೈಯ ಚಮಚ ಬಿತ್ತು. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ್ದ ಅಪ್ಪನ ಕೆಮ್ಮು ಅದು. "ಅಪ್ಪ ಚಳೀಲಿ ನಿಂತಿದಾರೆ ರೀ," ಎಂದು ಗಂಡನ ತೋಳು ಹಿಡಿದು ಅತ್ತಳು. "ನಿಮ್ ದಮ್ಮಯ್ಯ, ಆ ನಾಣ್ಯ ಕೊಟ್ಟು ಬನ್ನಿ."

ಹೆಂಡತಿಯ ಅಳು ನೋಡಲಾರದೆ ಅವನು ಗೊಣಗುತ್ತಲೇ ಹೊರಟ. ಸೇತುವೆಯ ಮೇಲೆ ಆರಿದ ಮೇಣದ ಬತ್ತಿಯ ಕಮಟು, ಹಸಿ ಮಣ್ಣಿನ ವಾಸನೆ. ಕೆಮ್ಮು ಹತ್ತಿರವಾಯಿತು. ಇನ್ನೂ ಹತ್ತಿರ. ಕಿವಿಯ ಪಕ್ಕದಲ್ಲೇ. ತಣ್ಣನೆ ಉಸಿರು ಕತ್ತಿಗೆ ತಾಗಿತು. ಅವನು ನಾಣ್ಯವನ್ನು ಬೀಸಿ ಎಸೆದ. ಕೆಮ್ಮು ತಟಕ್ಕನೆ ನಿಂತಿತು.

ಹಿಂದೆಯೇ ಬಂದಿದ್ದ ವೇಟಾ ಸೇತುವೆಯ ತುದಿಯಲ್ಲಿ ನಿಂತು ಕೇಳಿದಳು, "ಯಾರ ಹೆಸರು ಹೇಳಿ ಹಾಕಿದ್ರಿ?"

"ಹೆಸರ್ಯಾಕೆ? ಸುಮ್ನೆ ಹಾಕ್ದೆ."

ಮುದುಕಿಯ ಮುಖ ಬಿಳಿಚಿಕೊಂಡಿತು. "ಹೆಸರಿಲ್ದೆ ಹಾಕಿದ್ರೆ ಹಾಕಿದೋನ ಸುಂಕಾನೇ ಕಟ್ಟಿದ ಹಾಗೆ, ನನ್ನಪ್ಪಾ."

ಅವನು ನಗಲು ಬಾಯಿ ತೆರೆದ. ನಗು ಬರಲಿಲ್ಲ, ಕೆಮ್ಮು ಬಂತು. ಬಾಯಿ ತುಂಬ ಮಣ್ಣಿನ ರುಚಿ. ಉಸಿರು ಸಿಗಲಿಲ್ಲ. ಎದೆ ಹಿಂಡಿತು. ಹಲಗೆ ಮೇಲೆದ್ದು ಹಣೆಗೆ ಬಡಿಯಿತು.

ಮತ್ತೆ ನೋಡಿದಾಗ ಅವನು ನಿಂತೇ ಇದ್ದ. ಕಾಲ ಬುಡದಲ್ಲಿ ಅವನದೇ ದೇಹ ಬಿದ್ದಿತ್ತು. ಮನೆಯಿಂದ ಓಡಿಬಂದ ಸೊರೀನಾ ಅದರ ಮೇಲೆ ಹೊರಳಾಡಿ ಅಳುತ್ತಿದ್ದಳು. ಪಕ್ಕದಲ್ಲಿ ಮಾವ, ಉಣ್ಣೆಯ ಟೋಪಿ ಹಾಕಿಕೊಂಡು ನಿಂತಿದ್ದರು. "ಸೊರೀನಾ, ಇಲ್ಲೇ ಇದೀನಿ ಕಣೇ," ಎಂದ. ಅವಳಿಗೆ ಕೇಳಿಸಲಿಲ್ಲ. ಹೆಂಡತಿಯನ್ನು ಬಿಟ್ಟು ಎಲ್ಲಿಗೂ ಹೋಗಲಾರೆ ಅನ್ನಿಸಿತು ಅವನಿಗೆ. ಹೀಗೇ ಆದರೂ ಸರಿ, ಅವಳ ಹತ್ತಿರ ಇದ್ದರೆ ಸಾಕಿತ್ತು.

"ಕಳಿಸ್ಕೊಡು ಮಗಳೇ," ಎಂದಳು ವೇಟಾ. "ಹೆಸರಿಲ್ಲದ ಸುಂಕ ಸಾಯಿಸುತ್ತೆ ಅಷ್ಟೆ, ಹೆಸರು ಹೇಳಿ ಹಾಕಿದ್ರೇ ದಾಟಿಸೋದು. ಇಬ್ಬರನ್ನೂ ಚಳೀಲಿ ನಿಲ್ಲಿಸ್ಬೇಡ."

ಸೊರೀನಾ ಒಂದು ನಾಣ್ಯ ಹಾಕಿದಳು. "ಇದು ನಮ್ಮಪ್ಪನಿಗೆ." ಮಾವ ಹಗುರಾಗಿ ದಾಟಿ ಮಂಜಿನಲ್ಲಿ ಕರಗಿದರು.

ಅವಳು ಇನ್ನೊಂದು ನಾಣ್ಯವನ್ನು ತೆಗೆದಳು.

"ಬೇಡ ಸೊರೀನಾ. ನನ್ನ ಹೆಸರು ಹೇಳ್ಬೇಡ."

ಅವಳು ನಾಣ್ಯವನ್ನು ಕಣ್ಣಿಗೊತ್ತಿಕೊಂಡಳು. ಪ್ರೀತಿಯೆಲ್ಲ ತುಂಬಿ, ಬಿಕ್ಕುತ್ತ, ತಪ್ಪಿಲ್ಲದೆ ಹೇಳಿದಳು: "ಇದು ನನ್ನ ತಿಬೇರಿಯುವಿಗೆ."