ಅಕ್ಕನ ಬೆರಳು, ತಮ್ಮನ ಕಾರ್ಡು

ಕಾರ್ಡಿನ ಯಂತ್ರದ ವಿಷಯ ನನಗೆ ಅಷ್ಟಾಗಿ ತಿಳಿಯದು. ತಿಳಿದವರು ಹೇಳಬೇಕಾದ ಕತೆಯನ್ನು ನಾನು ಹೇಳಲು ಹೊರಟಿದ್ದೇನೆ. ತಪ್ಪಿದ್ದರೆ ಕ್ಷಮಿಸಿ, ಮಕ್ಕಳೇ.

"ಇನ್ನೊಂದ್ಸಲ ಇಡು. ಒತ್ತಿ ಇಡು," ಎಂದರು ಗುರುತಿನ ಕಾರ್ಡು ಮಾಡಿಕೊಡುವ ಅಂಕಲ್.

ಗಿಣಿ ಬೆರಳುಗಳನ್ನು ಗಾಜಿನ ಮೇಲೆ ಒತ್ತಿದಳು. ಗಾಜಿನ ಕೆಳಗೆ ಹಸಿರು ಬೆಳಕು ಹರಿಯಿತು. ಪರದೆಯ ಮೇಲೆ ಮಾತ್ರ ಮತ್ತೆ ಕೆಂಪು ಅಕ್ಷರಗಳೇ ಬಂದವು.

"ನೀನು ಈಗಾಗ್ಲೇ ಇದ್ದೀಯಂತೆ."

"ಇದೀನಲ್ಲ ಅಂಕಲ್, ನಿಮ್ಮೆದುರಿಗೇ!"

ಸಾಲಿನಲ್ಲಿದ್ದವರು ನಕ್ಕರು. ಹೀಗೆ ಪಟಪಟ ಮಾತಾಡುತ್ತಾಳೆಂದೇ ಅವಳಿಗೆ ಗಿಣಿ ಎಂಬ ಹೆಸರು.

ಅಂಕಲ್ ನಗಲಿಲ್ಲ. "ಹಂಗಲ್ಲಮ್ಮ. ಹೊಸಬರು ಬೆರಳಿಟ್ರೆ ಯಂತ್ರ ದೇಶದಲ್ಲಿರೋ ಎಲ್ಲರ ಬೆರಳಿನ ಜೊತೆ ಹೋಲಿಸಿ ನೋಡುತ್ತೆ. ಅದೇ ಗೆರೆ ಬೇರೆಯವರ ಹೆಸರಲ್ಲಿದ್ರೆ ಆಗಲ್ಲ ಅನ್ನುತ್ತೆ. ನೋಡಿಲ್ಲಿ. ಗಂಡು. ವಯಸ್ಸು ಐದು."

ಅಮ್ಮನ ಮುಖ ಬಿಳಿಚಿಕೊಂಡಿತು. ಪಕ್ಕದಲ್ಲಿ ಅವಳ ಕೈ ಹಿಡಿದು ನಿಂತಿದ್ದ ಗುಂಡ, ಗಿಣಿಯ ತಮ್ಮ, ಆಕಳಿಸಿದ.

ಹೋದ ವರ್ಷ ಗುಂಡನಿಗೆ ಕಾರ್ಡು ಮಾಡಿಸುವಾಗ ಅವನು ಹೆದರಿ ಮುಷ್ಟಿಯನ್ನೇ ಬಿಚ್ಚಿರಲಿಲ್ಲ. ಆಗ ಇಲ್ಲಿದ್ದ ಬೇರೊಬ್ಬ, "ಅಕ್ಕನ ಬೆರಳೇ ಇಡ್ಸಮ್ಮ, ಆಮೇಲೆ ಸರಿ ಮಾಡ್ಸಿದ್ರಾಯ್ತು," ಎಂದಿದ್ದ. ಗುಂಡನಿಗೆ ಮೂರ್ಛೆ ಬರುತ್ತಿತ್ತು. ಕಾರ್ಡಿದ್ದರೆ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ಅಂದಿನಿಂದ ಪ್ರತಿ ತಿಂಗಳೂ ಮಾತ್ರೆಯ ಕಿಟಕಿಯಲ್ಲಿ ಬೆರಳಿಡುವವಳು ಗಿಣಿಯೇ. "ನಾನಿಲ್ದಿದ್ರೆ ಇವ್ನಿಗೆ ಮಾತ್ರೆನೇ ಇಲ್ಲ," ಎಂದು ಜಂಭ ಕೊಚ್ಚಿಕೊಳ್ಳುತ್ತಿದ್ದಳು.

ಈಗ ಅವಳಿಗೇ ಕಾರ್ಡು ಬೇಕಾಗಿತ್ತು. ಕಾರ್ಡಿನ ನಂಬರ್ ಇಲ್ಲದವರ ಹೆಸರನ್ನು ಏಳನೇ ಕ್ಲಾಸಿನ ಪರೀಕ್ಷೆಗೆ ಕಂಪ್ಯೂಟರ್ ತೆಗೆದುಕೊಳ್ಳುವುದಿಲ್ಲ ಎಂದು ಮಿಸ್ ಹೇಳಿದ್ದರು. ಶನಿವಾರವೇ ಕೊನೆ.

"ಹೇಗಾದ್ರೂ ಸರಿ ಮಾಡಿ ಅಣ್ಣಾ," ಅಮ್ಮ ಅಂಗಲಾಚಿದಳು.

"ಮಾಡ್ಬಹುದು. ಆದ್ರೆ ಹುಡುಗನ ಬೆರಳು ತಪ್ಪು ಅಂತ ಕಳಿಸಿದ ತಕ್ಷಣ ಅವನ ಕಾರ್ಡು ನಿಂತೋಗುತ್ತೆ. ಮೇಲಿನೋರು ಹೊಸ ಬೆರಳು ಒಪ್ಪೋವರೆಗೂ."

"ಎಷ್ಟು ದಿನ?"

"ಹದಿನೈದು ದಿನಕ್ಕೂ ಆಗಿದೆ. ವರ್ಷ ಕಾದೋರೂ ಇದಾರೆ."

"ಅಲ್ಲೀವರೆಗೂ ಮಾತ್ರೆ?"

ಅಂಕಲ್ ಕೀಬೋರ್ಡಿನ ಧೂಳು ಒರೆಸಿದರು. "ಕಳಿಸ್ಲಾ ಬೇಡ್ವಾ, ಹೇಳಿ ತಂಗಿ. ಹಿಂದೆ ಜನ ನಿಂತಿದಾರೆ."

ಹೊರಗೆ ಮಾತ್ರೆ ಕೊಳ್ಳಲು ಅಮ್ಮನ ಲಾಂಡ್ರಿ ಸಂಬಳ ಸಾಲದು. ಒಮ್ಮೆ ಮಾತ್ರೆ ತಪ್ಪಿದಾಗ ಗುಂಡ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡಿದ್ದ.

ಅಮ್ಮ ಗಿಣಿಯ ಮುಖ ನೋಡಿದಳು. 

"ಬೇಡ ಅಂಕಲ್," ಎಂದಳು ಗಿಣಿ.

'ಇಲ್ಲ, ಕಳಿಸಿ' ಎಂದು ಅಮ್ಮ ಅನ್ನಬಹುದೆಂದು ಅವಳು ಕಾದಳು. ಅಮ್ಮ ಗುಂಡನನ್ನು ಕರೆದುಕೊಂಡು ಬಾಗಿಲ ಕಡೆ ತಿರುಗಿದಳು. ಮನೆ ಸೇರುವವರೆಗೂ ಹಿಂದಿರುಗಿ ನೋಡಲಿಲ್ಲ.

ಮರುವಾರ ಮಾತ್ರೆ ತರುವ ದಿನ ಬಂತು. ಕ್ಲಾಸಿನಲ್ಲಿ ಮಿಸ್ ಪರೀಕ್ಷೆಯ ನಂಬರ್ ಓದಿ ಹೇಳುವ ದಿನವೂ ಅದೇ. ಗಿಣಿ ಶಾಲೆಗೆ ಹೋಗದೆ ಗುಂಡನ ಜೊತೆ ಆಸ್ಪತ್ರೆಯ ಸಾಲಿನಲ್ಲಿ ನಿಂತಳು.

"ಅಕ್ಕಾ, ಇವತ್ಯಾಕೆ ನೀನು ಮಾತೇ ಆಡ್ತಿಲ್ಲ?"

"ಸುಮ್ನೆ ಮುಂದೆ ನಡಿಯೋ."

ಅವಳು ಬೆರಳಿಟ್ಟಳು. ಗುಂಡನ ಫೋಟೋ ಮೂಡಿತು.

"ಸರಿಯಾಗಿದೆ," ಎಂದು ಕಿಟಕಿಯಾಕೆ ಮಾತ್ರೆ ಕೊಟ್ಟರು.

ಗಿಣಿ ಪರದೆಯನ್ನೇ ನೋಡುತ್ತ ನಿಂತಳು. ಅಲ್ಲಿ ಅವಳು ಎಲ್ಲೂ ಇರಲಿಲ್ಲ. ಅಮ್ಮ ಅಂದು ಯಾಕೆ ಹಿಂದಿರುಗಿ ನೋಡಲಿಲ್ಲ ಎಂಬುದು ಅವಳಿಗೆ ಆಗ ಅರ್ಥವಾಯಿತು. ಗಿಣಿಯ ಮುಖ ನೋಡಿದ್ದರೆ ಅಮ್ಮ ತಡೆಯಲಾರದೆ 'ಕಳಿಸಿ' ಎಂದುಬಿಡುತ್ತಿದ್ದಳು. ಮಾತ್ರೆಯ ಪೊಟ್ಟಣ ಎತ್ತಿಕೊಂಡು ತಮ್ಮನ ಕೈ ಹಿಡಿದಳು.

ಗಿಣಿ ಮುಂದೆ ಯಾವಾಗಲಾದರೂ ಆ ಪರೀಕ್ಷೆಗೆ ಕೂತಳೋ ಇಲ್ಲವೋ, ಅದು ನನಗೆ ಗೊತ್ತಾಗಲಿಲ್ಲ.