ಮಂಜಿನಲ್ಲಿ ನಿಲ್ಲದ ಸಾಲು

"ಸ್ಟೇರಿಂಗ್ ಬಿಡ್ರಿ ಅಂದ್ರ ಬಿಡವಲ್ರಿ ಯಾಕ?"

"ಬಿಡಾಕ ಬರವಲ್ದ್ರಿ... ಬೆರಳು ನನ್ನ ಮಾತು ಕೇಳವಲ್ವು!"

ಪ್ರಾಜಕ್ತಾ ತಲೆಯೆತ್ತಿ ನೋಡಿದಳು. ಕಾಗಲದ ಆ ಲಾರಿ ಬಾಡಿ ಕಟ್ಟುವ ಕಾರ್ಖಾನೆಯ ಅಂಗಳದಲ್ಲಿ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಎದುರಿಗೆ ಹೊಸ ಲಾರಿ. ಲಾರಿ ಅನ್ನುವ ಹಾಗೂ ಇರಲಿಲ್ಲ. ಇಂಜಿನ್, ಗಾಲಿ, ಉದ್ದನೆಯ ಕಬ್ಬಿಣದ ಚಾಸಿ, ಅಷ್ಟೇ. ಬಾಗಿಲಿಲ್ಲ, ಗಾಜಿಲ್ಲ, ತಲೆಯ ಮೇಲೆ ಸೂರಿಲ್ಲ. ಹಗ್ಗದಿಂದ ಬಿಗಿದ ಒಂದು ಹಲಗೆಯ ಮೇಲೆ ಅವನು ಕೂತಿದ್ದ. ಮುಖಕ್ಕೆ ಮಫ್ಲರ್, ಕಣ್ಣಿಗೆ ಕನ್ನಡಕ, ಮೈತುಂಬ ಸುಮಾರು ಎರಡು ಸಾವಿರ ಕಿಲೋಮೀಟರಿನ ಧೂಳು.

ಆರು ದಿನ ಹಿಡಿದು ಹಿಡಿದು ಬೆರಳುಗಳು ಸೆಟೆದುಬಿಟ್ಟಿದ್ದವು. ಅವಳಿಗೆ ಸೀಟಿನ ಗಾದಿ ಹೊಲಿಯಲು ಅಳತೆ ಬೇಕಿತ್ತು. ಕಾಯುವ ತಾಳ್ಮೆ ಇರಲಿಲ್ಲ. ಗಾಲಿಯ ಮೇಲೆ ಕಾಲಿಟ್ಟು ಹತ್ತಿ, ಒಂದೊಂದೇ ಬೆರಳು ಬಿಡಿಸಿದಳು.

ಅವನು ಕನ್ನಡಕ ತೆಗೆದ. ಕೆಂಪು ಕಣ್ಣುಗಳಿಂದ ನೀರು ಇಳಿಯುತ್ತಿತ್ತು.

"ಅಯ್ಯ, ಅಳಾಕತ್ತೀರೇನ್ರಿ?"

"ಇಲ್ರಿ. ಗಾಳಿ. ಒಳಗ ಹೋಗಿದ್ದೆಲ್ಲಾ ಈಗ ಹೊರಗ ಬರಾಕತ್ತೈತಿ."

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನವಾಗಿತ್ತು ನಕ್ಕು...

"ಪ್ರಾಜಕ್ತಾ!" ಮಾಲೀಕ ಜಿನಗೊಂಡ ಒಳಗಿನಿಂದ ಕೂಗಿದ. "ಗಾದಿ ಅಳತಿ ತಗೋ ಅಂದ್ರ ಡ್ರೈವರನ ಅಳತಿ ತಗೊಳಾಕತ್ತಿಯೇನ?"

ಅವಳು ಟೇಪು ಹಿಡಿದು ಕೆಳಗಿಳಿದಳು. ಕಿವಿ ಬಿಸಿಯಾಗಿತ್ತು.

ಅವನ ಹೆಸರು ಕಾಡಸಿದ್ದ. ಗಡಹಿಂಗ್ಲಜದ ಆಚೆಯ ಹಳ್ಳಿಯ ಕುರಿಗಾರರ ಮನೆಯವನು. ಅಕ್ಕ ಯಮುನವ್ವನ ಗಂಡ ಅವಧೂತ ಅವನನ್ನು ಕುರಿ ಬಿಡಿಸಿ ಈ ಕೆಲಸಕ್ಕೆ ಹಚ್ಚಿದ್ದ. ಉತ್ತರದ ಫ್ಯಾಕ್ಟರಿಯಿಂದ ಹೊಸ ಚಾಸಿಗಳು ಐದಾರು ಒಟ್ಟಿಗೆ ಸಾಲಾಗಿ ಹೊರಡುತ್ತವೆ. ಸಾಲಿನ ಮುಂದಾಳು ಅವಧೂತ. ಅವನ ನಿಯಮ ಒಂದೇ: ಮುಂದಿನ ಗಾಡಿ ನಿಂತರೆ ನಿಲ್ಲು, ಹಾರ್ನ್ ಹೊಡೆದರೆ ಹೊರಡು. ಸಾಲು ಮುರಿಯಬಾರದು!

ಆಮೇಲೆ ತಿಂಗಳಿಗೊಮ್ಮೆ ಬರತೊಡಗಿದ. ನಡುವೆ ಫೋನು.

"ಎಲ್ಲಿದ್ದೀರಿ?"

"ಗ್ವಾಲಿಯರ್. ಆಲಿಕಲ್ಲು ಬೀಳಾಕತ್ತಾವು. ತಲಿ ಮ್ಯಾಲ ಊಟದ ತಾಟು ಇಟ್ಕೊಂಡು ಕುಂತೀನಿ."

"ಚಲೋ ಕಾಣ್ತಿರಬೇಕು!"

"ನೋಡಾಕ ಬರ್ತೀರೇನು?"

'ರೀ' ಯಾವಾಗ ಜಾರಿಹೋಯಿತೋ ಇಬ್ಬರಿಗೂ ತಿಳಿಯಲಿಲ್ಲ. ಎಂಟು ತಿಂಗಳಾಗುವಷ್ಟರಲ್ಲಿ 'ನೀ' ಆಗಿತ್ತು.

ಒಂದು ಮಾತು ಮಾತ್ರ ಅವಳು ಬಿಚ್ಚಿರಲಿಲ್ಲ. "ಅಣ್ಣ ಇದ್ದ, ತೀರಿಹೋದ" ಎಂದಷ್ಟೇ ಹೇಳಿದ್ದಳು. ಹೇಗೆ ತೀರಿಹೋದ ಎಂದು ಹೇಳಿದರೆ ಎಲ್ಲರೂ ಕೇಳುವ ಆ ಪ್ರಶ್ನೆಯನ್ನು ಇವನೂ ಕೇಳಿಬಿಟ್ಟರೆ... ಆ ಭಯ!

*ಕುಡೀತಿದ್ನೇನು?*

ಲಖನ್ ಕಬನೂರಿನ ಮಗ್ಗದಲ್ಲಿ ರಾತ್ರಿಪಾಳಿ ಮಾಡುತ್ತಿದ್ದ. ರವಿವಾರ ಬುದ್ಧವಿಹಾರದಲ್ಲಿ ಓಣಿಯ ಮಕ್ಕಳನ್ನು ಕೂಡಿಸಿ ಪಂಚಶೀಲ ಹೇಳಿಕೊಡುತ್ತಿದ್ದ. ಅದರಲ್ಲಿ ಐದನೆಯದು ಕುಡಿತದ ಹತ್ತಿರ ಸುಳಿಯೆನು ಎಂಬ ಮಾತು. ಎರಡು ವರ್ಷದ ಹಿಂದೆ ಪುಷ್ಯಮಾಸದ ಒಂದು ಬೆಳಗ್ಗೆ, ಕೆಲಸ ಮುಗಿಸಿ ಬರುವಾಗ ಹೆದ್ದಾರಿಯ ಅಂಚಿನಲ್ಲಿ ಸತ್ತುಬಿದ್ದಿದ್ದ. ಬದಿಗೆ ಬಾಟಲಿ. ಅಂಗಿಯೆಲ್ಲ ಸಾರಾಯಿ. ಕುಡಿದು ಬೈಕಿನಿಂದ ಬಿದ್ದ ಎಂದು ಪೊಲೀಸರ ಕಾಗದವಾಯಿತು.

ಅವನ ಪುಣ್ಯಾನುಮೋದನದ ಪ್ರಾರ್ಥನೆಗೆ ಅರ್ಧ ಓಣಿ ಬರಲಿಲ್ಲ. ಬಂದವರು ತಲೆಯೆತ್ತಲಿಲ್ಲ. "ಮಕ್ಕಳಿಗೆ ಹೇಳಿಕೊಡಾವನ ಹಿಂಗ..." ಎಂದು ಯಾರೋ ಪಿಸುಗುಟ್ಟಿದ್ದನ್ನು ತಾಯಿ ಶೆವಂತಾ ಕೇಳಿಸಿಕೊಂಡಳು. ಅಂದಿನಿಂದ ಆಕೆ ವಿಹಾರದ ಮೆಟ್ಟಿಲು ಹತ್ತಿಲ್ಲ. ಮಗ ಹೋದ ದುಃಖಕ್ಕಿಂತ ಮಗನ ಹೆಸರು ಹೋದದ್ದೇ ಆಕೆಯನ್ನು ಒಳಗೊಳಗೇ ತಿನ್ನುತ್ತಿತ್ತು.

ರಸ್ತೆಬದಿಯ ಚಹಾದಂಗಡಿಯ ಬಾಳವ್ವ ಮಾತ್ರ ಒಂದನ್ನು ನೋಡಿದ್ದಳು. ಆ ಹೊತ್ತಿಗೆ ಬರಿ ಚಾಸಿಗಳ ಸಾಲೊಂದು ಹಾದುಹೋಗಿತ್ತು. ಮುಂದಿನದು ಅಂಗಡಿಯ ಎದುರು ಕ್ಷಣ ನಿಧಾನಿಸಿದಾಗ, ಒಡೆದ ಲೈಟಿನ ಕೆಳಗೆ ಕೆಂಪು ಅಕ್ಷರದ ನಂಬರು. ಕೊನೆಗೆ 8207. ಪೊಲೀಸರು ಹುಡುಕಿ, "ಇಂಥಾ ನಂಬರಿನ ಲಾರೀನ ಇಲ್ಲವ್ವಾ" ಎಂದಿದ್ದರು. ಪ್ರಾಜಕ್ತಾ ಆ ನಾಲ್ಕು ಅಂಕಿಗಳನ್ನು ಮರೆತಿರಲಿಲ್ಲ.

ದೀಪಾವಳಿಯ ಹಿಂದಿನ ವಾರ. ಕಾಡಸಿದ್ದನ ಚಾಸಿ ಅಂಗಳಕ್ಕೆ ಬಂದಿತು. ಆಗ್ರಾದ ಪೇಠಾ ಮಿಠಾಯಿಯ ಡಬ್ಬಿಯನ್ನು ಮೇಲೆತ್ತಿ ತೋರಿಸುತ್ತ ನಗುತ್ತಿದ್ದ. ಅವಳು ಓಡೋಡಿ ಬಂದಳು. ಬಂದವಳು ಗಾಡಿಯ ಮುಂದೆ ನಿಂತುಬಿಟ್ಟಳು.

ತಂತಿಯಿಂದ ಬಿಗಿದ ನಂಬರ್ ಪ್ಲೇಟು. ಕೆಂಪು ಅಕ್ಷರ.

8207.

"ಯಾಕ? ಏನಾತು?"

"ಈ ಗಾಡಿ... ಕಾಗಲದ ರೋಡಿನ್ಯಾಗ ನನ್ನ ಅಣ್ಣನ್ನ ಕೊಂದ ಗಾಡಿ ನಂಬರ್ ಇದು!" ಅವಳ ದನಿ ಒಡೆಯಿತು. "ನೀನ ಕೊಂದಿ! ಲಖನ್‌ನ ನೀನ ಕೊಂದಿ!"

"ಪ್ರಾಜಕ್ತಾ, ಇಲ್ಲಿ ಕೇಳು! ಇದು ಗಾಡಿ ನಂಬರ್ ಅಲ್ಲ, ಕಂಪನೀದು. ಗಾಡಿ ಮುಟ್ಟಿಸಿ, ಬಿಚ್ಚಿ, ಚೀಲದಾಗ ಹಾಕ್ಕೊಂಡು ಬಸ್ಸಿಗೆ ವಾಪಸ್ ಒಯ್ಯೂದು. ಮುಂದಿನ ಸಲಾ ಮತ್ತೊಬ್ಬನ ಕೈಗೆ ಹೋಗ್ತೈತಿ. ನನಗ ಇದು ಮೊದಲ್ನೇ ಸಲಾ ಸಿಕ್ಕೈತಿ, ಆಣಿ ಮಾಡ್ತೀನಿ! ಆ ಮಂಜಿನ್ಯಾಗ ಈ ಪ್ಲೇಟ್ ನನ್ನ ಗಾಡಿಗೆ ಇರಲಿಲ್ಲ..."

ಮಾತು ಅಲ್ಲಿಗೇ ನಿಂತಿತು.

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಮಂಜು ಇತ್ತಂತ ನಿನಗ ಯಾರು ಹೇಳಿದ್ರು?"

ಅವನು ಪ್ಲೇಟಿನ ಕಡೆ ನೋಡಿದ.

"ನಾ ಹೇಳಿಲ್ಲ, ಕಾಡಸಿದ್ದಾ. ಮಂಜು ಅಂತ ನಾ ಅಂದೇ ಇಲ್ಲ."

ಅವನು ಡಬ್ಬಿಯನ್ನು ಕೆಳಗಿಳಿಸಿ ನೆಲ ನೋಡಿದ. ಅವನು ಅಲ್ಲಿದ್ದನೆಂಬುದು ಅವಳಿಗೆ ತಿಳಿದುಹೋಯಿತು.

"ಹೋಗು. ಇನ್ನ ಈ ಅಂಗಳದಾಗ ನಿನ್ನ ಮಾರಿ ಕಾಣಬಾರದು!"

ಅವನು ಹೋದ. ಒಂದು ಮಾತೂ ಆಡದೆ ಹೋದ. *ಇಲ್ಲ ಅನ್ನಬಾರದಿತ್ತೇನು? ಒಂದ್ಸಲ ಇಲ್ಲ ಅಂದಿದ್ರ...* ಗಾದಿ ಹೊಲಿಯುವ ಸೂಜಿ ಎರಡು ಸಲ ಅವಳ ಬೆರಳಿಗೆ ಚುಚ್ಚಿತು. ನೋವು ಆಗಲಿಲ್ಲ.

ಹದಿನೆಂಟು ದಿನ ಕಳೆದ ಮೇಲೆ ಫೋನು ಸದ್ದು ಮಾಡಿತು. ಅವನ ಧ್ವನಿಸಂದೇಶ. ಅವಳು ತೆರೆಯಲಿಲ್ಲ. ಮರುದಿನ ಮತ್ತೊಂದು. ಅದರ ಮರುದಿನ ಮತ್ತೊಂದು. ಮೂರನೆಯದು ಬಂದಾಗ ರೊಟ್ಟಿ ಬಡಿಯುತ್ತಿದ್ದ ಶೆವಂತಾ ಕೈ ನಿಲ್ಲಿಸಿದಳು.

"ಯಾರದು, ಪ್ರಾಜೂ? ನೋಡವಲ್ಲಿ, ಬಿಡವಲ್ಲಿ."

ಅವಳು ಮುಚ್ಚಿಡಲಾರದೆ ಹೇಳಿದಳು. ಪ್ಲೇಟಿನ ಸಂಗತಿ, ಮಂಜಿನ ಸಂಗತಿ. ಅವನ ಮೇಲೆ ಮನಸ್ಸಿಟ್ಟಿದ್ದನ್ನೂ ಹೇಳಿಬಿಟ್ಟಳು, ತಲೆ ತಗ್ಗಿಸಿ.

ಶೆವಂತಾ ಹಿಟ್ಟಿನ ಕೈ ಒರೆಸಿಕೊಂಡು ಹತ್ತಿರ ಕೂತಳು.

"ಹಚ್ಚು. ನಾನೂ ಕೇಳ್ತೀನಿ."

ಫೋನಿನಿಂದ ಮೊದಲು ಗಾಳಿಯ ಸದ್ದು ಬಂತು. ಆಮೇಲೆ ಅವನು.

"ಬರೇಲಿ ದಾಟೀನಿ. ಸಾಲಿನ್ಯಾಗ ಇಲ್ಲ, ಒಬ್ಬನ ಬರಾಕತ್ತೇನಿ. ಗಾಡಿ ಖಾಲಿ ಐತಿ, ತೆಗ್ಗು ಬಂದ್ರ ಹಿಂದಿನ ಗಾಲಿ ಹಾರ್ತಾವು, ನಡಾ ಮುರಿದಂಗ ಆಗ್ತೈತಿ. ಒಮ್ಮೆಗೇ ಎಲ್ಲಾ ಹೇಳಾಕ ನನಗ ಧೈರ್ಯ ಇಲ್ಲ. ನಿಂತಲ್ಲಿಂದ ಇಷ್ಟಿಷ್ಟ ಹೇಳ್ತೀನಿ. ಕೇಳೂದು ಬಿಡೂದು ನಿನ್ನ ಮರ್ಜಿ."

ಎರಡನೆಯದು ಶಿವಪುರಿಯ ಢಾಬಾದಿಂದ.

"ಅವತ್ತ ನಾವು ಆರು ಗಾಡಿ. ಮುಂದ ನಮ್ಮ ಭಾವ. ಅವನ ಹಿಂದ ನಾ. ಆ ಪ್ಲೇಟ್ ಭಾವನ ಗಾಡಿಗಿತ್ತು. ಮಂಜು ಅಂದ್ರ ಎಂಥಾ ಮಂಜು, ಗಾಜಿಲ್ಲದ ಗಾಡಿ, ಕಣ್ಣಾಗ ನೀರ ಕಟ್ಟಿತ್ತು. ಧಡ್ ಅಂತ ಸಪ್ಪಳಾತು. ಭಾವ ನಿಂತ. ಎಲ್ಲಾರೂ ನಿಂತಿವಿ..."

ಶೆವಂತಾ ಮಗಳ ಮೊಣಕೈ ಹಿಡಿದುಕೊಂಡಳು.

ಮೂರನೆಯದು ಇಂದೂರಿನಿಂದ.

"ಅಂವ ಬಿದ್ದಿದ್ದ. ಜೀವ ಇತ್ತು. ನಾ ಓಡಿಹೋಗಿ ತಲಿ ಎತ್ತಿದೆ. ಭಾವ ಬಂದ. ತನ್ನ ಚೀಲದಾಗಿನ ಬಾಟ್ಲಿ ತಗದು ಅವನ ಅಂಗಿ ಮ್ಯಾಲ ಸುರದ. ಬಾಜೂಕ ಒಗದ. 'ಕುಡದು ಬಿದ್ದಾನಂತಾರ, ನಡಿ' ಅಂದ. ಹೋಗಿ ಹಾರ್ನ್ ಹೊಡದ. ನಿನ್ನ ಅಣ್ಣ ನನ್ನ ಪ್ಯಾಂಟ್ ಹಿಡಕೊಂಡಿದ್ದ, ಪ್ರಾಜಕ್ತಾ... ನಾ ಕಾಲು ಕಿತ್ಕೊಂಡೆ. ಸಾಲಿನ ಜೋಡಿ ಹೊಂಟೆ."

ಒಲೆಯ ಮೇಲಿನ ರೊಟ್ಟಿ ಸುಟ್ಟು ಕರಕಲಾಯಿತು. ಯಾರೂ ಎದ್ದು ತೆಗೆಯಲಿಲ್ಲ.

ಶೆವಂತಾ ಅಳಲಿಲ್ಲ. "ಜೀವ ಇತ್ತಂತ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ, "ಜೀವ ಇತ್ತಂತ" ಎಂದಳು.

ಮರುದಿನ ಅವನಿಂದ ಏನೂ ಬರಲಿಲ್ಲ. ಪ್ರಾಜಕ್ತಾ ದಿನವಿಡೀ ಫೋನು ಮಡಿಲಲ್ಲಿಟ್ಟುಕೊಂಡು ಹೊಲಿದಳು. *ಎಲ್ಲಿರಬಹುದು? ಬಿದ್ದಿದ್ರ?* ಮರುಕ್ಷಣವೇ ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಣ್ಣನನ್ನು ರಸ್ತೆಯಲ್ಲಿ ಬಿಟ್ಟುಹೋದವನಿಗಾಗಿ ಕಾಯುತ್ತಿದ್ದೇನಲ್ಲ! ಸಿಟ್ಟಿಗೆ ಒಂದು ಬಾಗಿಲಿದ್ದರೆ, ಪ್ರೀತಿ ಅದೇ ಬಾಗಿಲಲ್ಲಿ ಅಡ್ಡ ಕೂತಿತ್ತು.

ಕೊನೆಯದು ಮಾರನೆಯ ದಿನ ಕರಾಡದಿಂದ ಬಂತು.

"ನಾಳೆ ಹತ್ತಕ್ಕ ಕಾಗಲಕ್ಕ ಬರ್ತೀನಿ. ಗಾಡಿ ಒಪ್ಪಿಸಿ ಸೀದಾ ಠಾಣೆಕ್ಕ ಹೋಗ್ತೀನಿ. ಯಮುನಕ್ಕಗ ಫೋನ್ ಮಾಡಿ ಹೇಳೀನಿ. 'ನನ್ನ ಗಂಡನ್ನ ಜೈಲಿಗೆ ಕಳಸಾವ ನನ್ನ ತಮ್ಮ ಅಲ್ಲ, ಹೊಸ್ತಿಲ ತುಳೀಬ್ಯಾಡ' ಅಂದ್ಲು. ಅಕಿ ಅಂದದ್ದು ಖರೇ ಐತಿ. ನನ್ನನ್ನ ಎತ್ತಿ ಬೆಳಸಿದಾಕಿ ಅಕಿ. ಅದಕ್ಕ ಎರಡ ವರ್ಷ ಬಾಯಿ ಮುಚ್ಚಿದ್ದೆ..."

ಗಾಳಿ. ಮತ್ತೆ ಅವನ ದನಿ, ಈ ಸಲ ತೀರ ಸಣ್ಣಗೆ.

"ನಿನ್ನ ಮ್ಯಾಲ ಜೀವ ಇಟ್ಟೀನಿ. ಅದು ಸುಳ್ಳಲ್ಲ. ಆದ್ರ ಇದನ್ನ ಹೇಳಿ ಅದನ್ನ ಬೇಡೂದಿಲ್ಲ. ನೀ ಬರಬೇಕಂತಿಲ್ಲ."

ಮರುದಿನ ಹತ್ತು ಗಂಟೆಗೆ ತಾಯಿ ಮಗಳಿಬ್ಬರೂ ಠಾಣೆಯ ಎದುರಿನ ಬೇವಿನ ಗಿಡದ ಕೆಳಗೆ ನಿಂತಿದ್ದರು. ಕಾಡಸಿದ್ದ ನಡೆದುಬಂದ. ಗಾಳಿ ಹೊಡೆದು ತುಟಿ ಒಡೆದಿದ್ದವು. ಅವರನ್ನು ನೋಡಿ ಒಂದು ಹೆಜ್ಜೆ ತಡೆದ. ಪ್ರಾಜಕ್ತಾ ಮುಖ ತಿರುಗಿಸಿದಳು. ಅವನು ತಲೆ ತಗ್ಗಿಸಿ ಒಳಗೆ ಹೋದ.

ಮೂರು ತಾಸು. ಬಾಳವ್ವನನ್ನು ಕರೆಸಿದರು. ಯಾರೋ ಜೋರಾಗಿ ಬೈಯುವುದು ಕೇಳಿಸಿತು. ಎರಡು ವರ್ಷ ಎಲ್ಲಿ ಸತ್ತಿದ್ದಿ ಎಂದು ಗದರಿಸುವುದು ಕೇಳಿಸಿತು. ಪ್ರಾಜಕ್ತಾ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಳು.

ಅವನು ಹೊರಬಂದಾಗ ಬಿಸಿಲು ನೆತ್ತಿ ದಾಟಿತ್ತು. ಹೇಳಿಕೆ ಬರೆದುಕೊಂಡಿದ್ದರು, ಸಹಿ ಆಗಿತ್ತು. ಅವಧೂತನನ್ನು ಕರೆತರಲು ಜೀಪು ಹೊರಟಿತ್ತು. ತನ್ನ ಮೇಲೂ ಕೇಸು ಆಗಬಹುದು, ಊರು ಬಿಡಬಾರದು ಎಂದಿದ್ದರು.

ಶೆವಂತಾ ಎದ್ದು ನೇರವಾಗಿ ಅವನ ಮುಂದೆ ಹೋಗಿ ನಿಂತಳು. ಕಾಡಸಿದ್ದ ಕಣ್ಣು ಮುಚ್ಚಿದ. ಏಟಿಗೆ ಕಾದ.

"ಅವನ ತಲಿ ಎತ್ತಿದ್ದೆ ಅಂದಿ."

"ಹೌದ್ರೀ ಅವ್ವಾ."

"ಭಾವ ಸುರವೂಕ್ಕಿಂತ ಮೊದಲ. ಬಾಯಾಗ ವಾಸನಿ ಇತ್ತೇನು? ಖರೇ ಹೇಳು."

"ಇತ್ರಿ. ಚಹಾದ್ದು. ಶುಂಠಿ ಹಾಕಿದ ಚಹಾ."

ಆಕೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಚಾ... ನನ್ನ ಲೇಕರೂ, ನನ್ನ ಕೂಸು ಚಾ ಕುಡದಿತ್ತು!" ಎಂದು ಎರಡು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ಬಾಳವ್ವ ಬಂದು ಆಕೆಯ ತಲೆಯನ್ನು ಎದೆಗೊತ್ತಿಕೊಂಡಳು. "ನಾನ ಕೊಟ್ಟಿದ್ದೆ ತಂಗೀ, ಅವತ್ತ ನಾನ ಕೊಟ್ಟಿದ್ದೆ. ಚಹಾ ಆದ ಮ್ಯಾಲ ಕುಡದಾನಂತ ನಾನೂ ನಂಬಿಬಿಟ್ಟಿದ್ದೆ..."

ಅವರಿಬ್ಬರನ್ನು ಬಿಟ್ಟು ಪ್ರಾಜಕ್ತಾ ಗೋಡೆಯ ನೆರಳಿಗೆ ನಡೆದಳು. ಕಾಡಸಿದ್ದ ನಾಲ್ಕು ಮಾರು ದೂರದಲ್ಲಿ ನಿಂತ. ಹತ್ತಿರ ಬರುವ ಹಕ್ಕು ತನಗಿಲ್ಲ ಎನ್ನುವಂತೆ.

"ಎಲ್ಲಿಗೆ ಹೋಗ್ತಿ ಈಗ?" ಅವಳು ಅವನನ್ನು ನೋಡದೆ ಕೇಳಿದಳು.

"ಗೊತ್ತಿಲ್ಲ. ಕಂಪನಿಯಾವ್ರು ತಗೊಳ್ಳೂದಿಲ್ಲ. ಊರಿಗೆ ಹೋಗಾಂಗಿಲ್ಲ."

"ಜಿನಗೊಂಡಣ್ಣಗ ಕೇಳೀನಿ. ಬಾಡಿ ಬಡಿಯಾಕ ಒಬ್ಬರು ಬೇಕಂತ. ಶೆಡ್ಡಿನ್ಯಾಗ ಮಲಕ್ಕೋಬಹುದು."

ಅವನು ತಲೆಯೆತ್ತಿದ. "ನನ್ನ ಕ್ಷಮಾ ಮಾಡಿದಿಯೇನು?"

"ಇಲ್ಲ." ಅವಳ ಕಣ್ಣು ತುಂಬಿದವು. "ಮಾಡ್ತೀನೋ ಇಲ್ಲೋ ನನಗೂ ಗೊತ್ತಿಲ್ಲ. ಕಣ್ಣು ಮುಚ್ಚಿದ್ರ ಆ ರೋಡು ಕಾಣ್ತೈತಿ. ಆದ್ರ ಮೊನ್ನೆ ಒಂದಿನ ನಿನ್ನ ಧ್ವನಿ ಬರಲಿಲ್ಲ ನೋಡು... ನಾ ಸತ್ತಂಗಾಗಿದ್ದೆ, ಕಾಡಸಿದ್ದಾ! ಹಿಂಗ್ಯಾಕ ಮಾಡಿದಿ ನನಗ?"

ಅವಳೇ ಆ ನಾಲ್ಕು ಮಾರು ನಡೆದುಬಂದು ಎದುರು ನಿಂತಳು.

"ನಾಳೆ ರವಿವಾರ. ಓಣಿ ಮಂದಿ ಎಲ್ಲಾ ವಿಹಾರಕ್ಕ ಬರ್ತಾರ. ಒಳಗ ಸಾಹೇಬ್ರ ಮುಂದ ಹೇಳಿದ್ದನ್ನ ಅಲ್ಲಿ ಹೇಳಬೇಕು. ಮಕ್ಕಳ ಮುಂದ. ಕಾಲು ಕಿತ್ಕೊಂಡದ್ದನ್ನೂ."

"ಹೇಳ್ತೀನಿ." ಆಮೇಲೆ ಕೇಳಿದ, "ಹೊಡದ್ರ?"

"ತಿನ್ನು. ನಾ ಬಾಜೂಕ ನಿಂತಿರ್ತೀನಿ."

"ಎಲ್ಲಾರೂ ಎದ್ದು ಹೋದ್ರ?"

"ನಾ ಹೋಗೂದಿಲ್ಲ."

"ನಾಳೆ ಒಂದಿನ ಅಷ್ಟ... ನಿಲ್ತಿಯೇನು?"

ಅವಳು ಅವನ ಒಡೆದ ತುಟಿ ನೋಡಿದಳು, ಧೂಳು ಕೂತ ರೆಪ್ಪೆ ನೋಡಿದಳು. ಸೆರಗಿನಿಂದ ಆ ಧೂಳನ್ನು ಮೆಲ್ಲಗೆ ಒರೆಸಿದಳು.

"ನಾಳೆ ಒಂದಿನ ದಾಟಲಿ. ನಾಡಿದ್ದಿನ ಮಾತು ಮತ್ತ ಕೇಳು," ಎಂದಳು. "ದಿನಾ ಕೇಳು."